ತುಕ್ಕಣ್ಣನ ಜೋಡಿ ಪಿಸ್ತೂಲು

ಪೆಟ್ಟಿಗೆ ಮಾಡಿಕೊಟ್ಟವನು ನಾನೇ. ಒಳ್ಳೆಯ ತೇಗ, ಮೂಲೆಗೆ ಮೊಳೆ ತಾಗಿಸದೆ ಹಲ್ಲಿಗೆ ಹಲ್ಲು ಕೂಡಿಸಿದ ಕೆಲಸ. ಒಳಗೆ ಎರಡು ಗುಳಿ ತೋಡಬೇಕು, ಎರಡೂ ಪಿಸ್ತೂಲಿನ ಆಕಾರಕ್ಕಿರಬೇಕು, ಮೂತಿಗೆ ಮೂತಿ ಎದುರಾಗಬೇಕು ಎಂದಿದ್ದ ಗಿರಾಕಿ. ಅಳತೆಗೆ ಅವನು ತಂದದ್ದು ಮಾತ್ರ ಒಂದೇ ಪಿಸ್ತೂಲು. ಇನ್ನೊಂದೆಲ್ಲಿ ಎಂದು ಕೇಳಿದೆ.

"ಬರತ್ತೆ. ನೀನು ಗುಳಿ ತೋಡು," ಎಂದ.

ತೋಡಿದೆ. ಹಸಿರು ಮಖಮಲ್ಲು ಅಂಟಿಸಿದೆ. ಆ ಎರಡನೆಯ ಗುಳಿ, ನನ್ನ ತಲೆ ಕಪ್ಪಗಿದ್ದಾಗ ಬಾಯಿ ತೆರೆದದ್ದು, ತಲೆ ಬೆಳ್ಳಗಾಗುವವರೆಗೆ ತೆರೆದುಕೊಂಡೇ ಇತ್ತು.

ಗಿರಾಕಿ ನಮ್ಮ ಬೀದಿಯವನು. ಬೀಗ ರಿಪೇರಿ, ಕೀಲಿ ಮಾಡುವ ಕಸುಬು. ಎದುರಿಗೆ ಬೀಗದಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ತುಕ್ಕಣ್ಣ. ಹಳೆಯ ಕಾಲದ ಕೋವಿ, ಪಿಸ್ತೂಲು, ಮದ್ದಿನ ಕುಪ್ಪಿ ಕೂಡಿಡುವುದು ಅವನ ಹವ್ಯಾಸ. ಹವ್ಯಾಸ ಎಂಬುದು ಮೆತ್ತನೆಯ ಮಾತಾಯಿತು. ಬೇರೆಯವರಿಗೆ ಹವ್ಯಾಸವೆಂದರೆ ಕೆಲಸ ಮುಗಿಸಿ ಬಂದು ಕೂರುವ ಜಗಲಿ. ಇವನಿಗೆ ಅದೇ ಮನೆ, ಉಳಿದ ಬದುಕೆಲ್ಲ ಜಗಲಿ.

ಗುಜರಿಯವರ ರಾಶಿಯಲ್ಲಿ, ಹರಾಜಿನ ಮೂಲೆಯಲ್ಲಿ, ಮುಚ್ಚಿಹೋದ ಅಂಗಡಿಗಳ ಅಟ್ಟದಲ್ಲಿ ಅವನು ಹುಡುಕುತ್ತಿದ್ದ. ಹಳೆಯ ಮನೆಯಲ್ಲಿ ಯಾರಾದರೂ ಮುದುಕರು ಹೋದರೆಂದು ಕಿವಿಗೆ ಬಿದ್ದರೆ ಸಾಕು, ಹೆಣ ಎತ್ತುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದ. ಹೆಂಗಸರು ಅತ್ತು ಮುಗಿಸಲೆಂದು ಕಾಯುವಷ್ಟು ಮರ್ಯಾದೆ ಅವನಿಗಿತ್ತು. ಮುಗಿಯದಿದ್ದರೆ ಕೆಮ್ಮುತ್ತಿದ್ದ. ಆಮೇಲೆ, ಅಟ್ಟದ ಮೇಲೆ ಉದ್ದನೆಯದು ಏನಾದರೂ ಬಟ್ಟೆ ಸುತ್ತಿಕೊಂಡು ಬಿದ್ದಿದೆಯೋ ಎಂದು ಕೇಳುತ್ತಿದ್ದ.

ಯಾವುದೂ ಹಾರುವಂಥದ್ದಲ್ಲ. ಕಿಡಿ ಹೋಗುವ ತೂತಿಗೆ ಸೀಸ ಹುಯ್ದು ಮುಚ್ಚಿ, ಪೊಲೀಸರಿಗೆ ತೋರಿಸಿ, ಅಪ್ಪಣೆ ಪಡೆದೇ ಇಟ್ಟುಕೊಂಡಿದ್ದ. ಅವನ ಕೋವಿಗಳು ಒಂದು ಗುಬ್ಬಿಯನ್ನೂ ಕೊಲ್ಲಲಿಲ್ಲ. ಮನುಷ್ಯರ ವಿಷಯ ಬೇರೆ.

ಆ ಮನೆಯಲ್ಲಿ ಒಂದೇ ಒಂದು ಒಣ ಕೋಣೆ ಇತ್ತು. ಗಾಳಿ ಬೆಳಕು ಬರುವ ಕೋಣೆ. ಅದನ್ನು ಕೋವಿಗಳಿಗೆ ಕೊಟ್ಟ. ಬಿಸಿಲು ಬಿದ್ದರೆ ಹಿಡಿಯ ಮರ ಬಿಳಚುತ್ತದೆಂದು ಕಿಟಕಿಗೆ ಹಲಗೆ ಬಡಿಸಿದ. ತೇವ ಹೀರಲೆಂದು ಮೂಲೆಮೂಲೆಗೆ ಸುಟ್ಟ ಸುಣ್ಣದ ಹೆಂಟೆ ಇಟ್ಟ. ಹೆಂಡತಿಯ ಹಾಸಿಗೆ ನೀರಿನ ತೊಟ್ಟಿಗೆ ಅಂಟಿದ ನಡುಮನೆಗೆ ಹೋಯಿತು. ಅಲ್ಲಿನ ಗೋಡೆ ಬೇಸಿಗೆಯಲ್ಲೂ ಬೆವರುತ್ತಿತ್ತು. ಆಯಮ್ಮ ಮಾತಾಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಒಂದು ಸಲ ನನ್ನೆದುರಿಗೇ, "ನನ್ನ ಮಂಚದ ಕೆಳಗೂ ಒಂದು ಹೆಂಟೆ ಸುಣ್ಣ ಇಡ್ರಿ," ಎಂದಳು, ನಗುತ್ತಲೇ. ಅವನು ಕಪಾಟಿನಿಂದ ತಲೆ ಎತ್ತದೆ, "ನಿನಗೇನು ತುಕ್ಕು ಹಿಡಿಯುತ್ತಾ?" ಎಂದ.

ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆಂದು ಕೋವಿ ಮುಟ್ಟುವಾಗ ಬಿಳಿ ಹತ್ತಿಯ ಕೈಗವಸು ಹಾಕುತ್ತಿದ್ದ. ಆಯಮ್ಮ ತೊಟ್ಟಿಯ ಹತ್ತಿರ ಕುಸಿದು ಬಿದ್ದ ದಿನ ಅವನು ಒಳಗೆ ಒಂದು ಉದ್ದ ಕೋವಿ ಒರೆಸುತ್ತಿದ್ದ. ಬಿದ್ದ ಸದ್ದು ಕೇಳಿ ನಾನು ಪಕ್ಕದ ಮನೆಯಿಂದ ಓಡಿದೆ. ನಾನು ಹೋಗಿ ನೋಡಿದರೆ ಇವನು ಹೊಸ್ತಿಲಲ್ಲಿ ನಿಂತು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚುತ್ತಿದ್ದಾನೆ. ಗವಸು ಕೊಳೆಯಾಗಬಾರದಲ್ಲ. ಬಿದ್ದ ಆಯಮ್ಮ ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಅವನು ಕೋಣೆಯ ಸುಣ್ಣ ಬದಲಾಯಿಸಿದ. ಅವತ್ತೇ ಬದಲಾಯಿಸಬೇಕಿತ್ತಂತೆ.

ಇಂಥವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ. ಆ ಎರಡನೆಯ ಗುಳಿ ತುಂಬಬೇಕು.

ಪಿಸ್ತೂಲುಗಳು ಅವನ ಅಪ್ಪನವು. ಅಪ್ಪ ಹರಾಜು ಮಳಿಗೆಯಲ್ಲಿ ಸಾಮಾನು ಹೊರುವವನು. ಮಳಿಗೆ ಮುಚ್ಚಿದಾಗ ಮಾಲೀಕ, ಯಾರೂ ಬೆಲೆ ಕೂಗದೆ ಉಳಿದಿದ್ದ ಜೋಡಿಯನ್ನು ಅವನ ಕೈಗಿಟ್ಟು ಕಳಿಸಿದ್ದ. ಚಕಮಕಿ ಕಲ್ಲಿನ ಕಾಲದವು. ಒಂದು ಬಲಗೈಯದು, ಒಂದು ಎಡಗೈಯದು. ಕಲ್ಲು ಕಚ್ಚಿ ಹಿಡಿಯುವ ಕುದುರೆ ಒಂದಕ್ಕೆ ಬಲ ಮಗ್ಗುಲಲ್ಲಿ, ಇನ್ನೊಂದಕ್ಕೆ ಎಡ ಮಗ್ಗುಲಲ್ಲಿ. ಕುದುರೆ ಕೂತ ಉಕ್ಕಿನ ತಗಡಿನ ಮೇಲೆ ಒಂದೊಂದು ಹಕ್ಕಿ ಕೆತ್ತಿದ್ದರು, ಕತ್ತು ಚಾಚಿದ ಹಕ್ಕಿ. ಮೂತಿಗೆ ಮೂತಿ ಇಟ್ಟರೆ ಹಕ್ಕಿ ಹಕ್ಕಿಯನ್ನು ನೋಡುತ್ತಿತ್ತು. ಬೇರೆ ಬೇರೆ ಇಟ್ಟರೆ ಎರಡೂ ಗೋಡೆ ನೋಡುತ್ತಿದ್ದವು. ನಾನು ಮರದ ಕೆಲಸದವನು, ಲೋಹದ ಕೆತ್ತನೆ ನನಗೆ ಅಷ್ಟಕ್ಕಷ್ಟೆ. ಆದರೂ ಆ ಕತ್ತಿನ ಗೀರು ನೋಡಿ, ಕೆತ್ತಿದವನ ಕೈಯನ್ನು ಒಂದು ಸಲ ಮುಟ್ಟಬೇಕಿತ್ತು ಅನಿಸಿತ್ತು.

ಅಪ್ಪ ಸಾಯುವಾಗ ದೊಡ್ಡ ಮಗ ತುಕ್ಕಣ್ಣ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅಪ್ಪ ಚಿಕ್ಕವನನ್ನು ಕರೆದು, ಒಂದು ನಿನಗೆ, ಒಂದು ಅಣ್ಣನಿಗೆ, ಇಬ್ಬರೂ ಜೊತೆಗಿರಿ, ಇವೂ ಜೊತೆಗಿರುತ್ತವೆ ಎಂದು ಎಡಗೈಯದನ್ನು ಕೊಟ್ಟ. ತಾಯಿ ಪಕ್ಕದಲ್ಲೇ ಇದ್ದಳು. ಕೊನೆಯ ಉಸಿರಿನವರೆಗೆ ಹಾಗೇ ಹೇಳಿದಳು. ದೊಡ್ಡವನು ನಂಬಲಿಲ್ಲ. ಅಪ್ಪ ಎರಡೂ ನನಗೇ ಎಂದಿದ್ದ, ಇವನು ಸಾಯುವವನ ದಿಂಬಿನಡಿಯಿಂದ ಕದ್ದ, ಅಮ್ಮ ಕಿರಿಮಗನ ಪಕ್ಷ ವಹಿಸಿ ಸುಳ್ಳು ಹೇಳುತ್ತಾಳೆ ಎಂದು ಪಟ್ಟು ಹಿಡಿದ. ಆ ಪಟ್ಟಿಗೆ ಕೀಲಿ ಮಾಡುವುದು ಮಾತ್ರ ಅವನಿಗೆ ಬರಲಿಲ್ಲ.

ಹಾಗಿದ್ದೂ ಕೆಲವು ಕಾಲ ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದರು. ತಮ್ಮನಿಗೆ ಮದುವೆಯಾಯಿತು. ಬಂದ ಹೊಸ ಹೆಣ್ಣು ಕೆಲಸದಲ್ಲಿ ಚುರುಕು, ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿ ಬೆಳಗುವ ಹುಡುಗಿ. ಭಾವನ ಕೋಣೆಯ ಮೂಲೆಯಲ್ಲಿ ಹಿತ್ತಾಳೆಯ ಮದ್ದಿನ ಕುಪ್ಪಿ ಕರ್ರಗೆ ಕೂತಿರುವುದನ್ನು ಕಂಡಳು. ಭಾವ ಸಂತೋಷಪಡಲಿ ಎಂದು ಬೂದಿ, ನಿಂಬೆಹುಳಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿ ಅದೇ ಜಾಗದಲ್ಲಿಟ್ಟಳು.

ಅವಳಿಗೆ ಗೊತ್ತಿಲ್ಲದ್ದು ಇಷ್ಟೆ. ಹಳೆಯ ಲೋಹದ ಮೇಲೆ ಕಾಲ ಕೂತು ಕೂತು ಒಂದು ಮಂಕು ಬಣ್ಣ ಬರುತ್ತದೆ. ತುಕ್ಕಣ್ಣ ಅದಕ್ಕೆ ವಯಸ್ಸು ಎನ್ನುತ್ತಿದ್ದ. ಎಣ್ಣೆ ತೋರಿಸಬಹುದು, ಮೆತ್ತನೆಯ ಬಟ್ಟೆ ಆಡಿಸಬಹುದು, ವಯಸ್ಸನ್ನು ಮಾತ್ರ ಉಜ್ಜಬಾರದು. ಉಜ್ಜಿದರೆ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ, ಬಣ್ಣ ಬಳಿದ ಹೆಣ. ಕೂಡಿಡುವವರ ಜಾತಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ.

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಅದು ಒಂದು ದಿನದ ನೋವು. ಆ ಕುಪ್ಪಿಗೆ ಸರಪಳಿ ಹಾಕಿ ತನ್ನ ಬೀಗದಂಗಡಿಯ ಬಾಗಿಲಿಗೆ ನೇತುಹಾಕಿದ. ಬಂದ ಗಿರಾಕಿಗೆಲ್ಲ ತೋರಿಸುತ್ತಿದ್ದ. ಇದು ನನ್ನ ತಮ್ಮನ ಹೆಂಡತಿಯ ಬುದ್ಧಿ ನೋಡಿ, ಹೇಗೆ ಥಳಥಳ ಹೊಳೆಯುತ್ತಿದೆ ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವಳು ಅದೇ ಬಾಗಿಲ ಮುಂದೆ ನೀರು ಹೊತ್ತು ಹೋಗಬೇಕಿತ್ತು. ಒಂದು ದಿನ ಅವಳನ್ನೇ ನಿಲ್ಲಿಸಿ, ಗಿರಾಕಿಗಳ ಎದುರು, ಲೋಹ ಹೇಗೆ ವಯಸ್ಸಾಗುತ್ತದೆ, ಉಜ್ಜಿದರೆ ಹೇಗೆ ಸಾಯುತ್ತದೆ ಎಂದು ಪಾಠ ಒಪ್ಪಿಸಿದ. ಬಡಗಿಗಳು ಮರ ತಿಕ್ಕುವ ಉಪ್ಪು ಕಾಗದ ತಾಗಿಸಿದರಂತೂ ಮುಗಿಯಿತು, ದೇವರು ಬಂದರೂ ತಿರುಗಿ ತರಲಾರ ಎಂದ. ಅವಳು ಕೊಡ ಸೊಂಟದಲ್ಲಿಟ್ಟುಕೊಂಡೇ ಪೂರ್ತಿ ಕೇಳಿಸಿಕೊಂಡಳು. ಒಳ್ಳೆಯ ವಿದ್ಯಾರ್ಥಿನಿ.

ಅದಾದ ಮೇಲೆ ತಮ್ಮ ಬೇರೆಯಾದ. ಬೇರೆ ಎಂದರೆ ಎಷ್ಟು ದೂರ? ಬೀದಿ ದಾಟಿದರೆ ಅವನ ಮನೆ. ಬೀಗದಂಗಡಿಯ ಬಾಗಿಲಿಗೆ ನೇರ ಎದುರು ಅವನ ಮೆಟ್ಟಿಲು. ಬೇಕರಿಯೊಂದರಲ್ಲಿ ಬ್ರೆಡ್ಡಿನ ಭಟ್ಟಿ ನೋಡಿಕೊಳ್ಳುವ ಕೆಲಸ ಅವನಿಗೆ. ನಂಬಿಗಸ್ತ, ಮಾತು ಕಡಿಮೆ. ಬೇಕರಿಯ ಯಜಮಾನ ಇವನನ್ನು ಭಟ್ಟಿಯಿಂದ ತೆಗೆದು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಬೇಕೆಂದಿದ್ದ. ಗಾಳಿಗೆ ಕೂತು ಕೆಲಸ ಮಾಡಬಹುದಿತ್ತು. ಸುದ್ದಿ ತಿಳಿದು ತುಕ್ಕಣ್ಣ ಒಂದು ಬ್ರೆಡ್ಡು ಕೊಳ್ಳುವ ನೆಪದಲ್ಲಿ ಅಲ್ಲಿಗೆ ಹೋದ. ಸಾಯುವ ಅಪ್ಪನ ದಿಂಬಿನಡಿಗೆ ಕೈ ಹಾಕಿದವನು ನಿಮ್ಮ ಗಲ್ಲಾಪೆಟ್ಟಿಗೆಗೆ ಹಾಕುವುದಿಲ್ಲವೇ, ಏನೋ ನಿಮ್ಮ ಒಳ್ಳೆಯದಕ್ಕೆ ಹೇಳಿದೆ ಎಂದು ಬ್ರೆಡ್ಡು ಹಿಡಿದುಕೊಂಡು ಬಂದ. ತಮ್ಮ ಭಟ್ಟಿಯಲ್ಲೇ ಉಳಿದ. ಹಿಟ್ಟು, ಹೊಗೆ, ಕಾವು. ಅವನ ಎದೆಯ ಗೂಡು ಒಲೆಯ ಕೊಳವೆಯಾಯಿತು.

ಇಷ್ಟಾದರೂ ತಮ್ಮ ಪಿಸ್ತೂಲನ್ನು ಮಾರಲಿಲ್ಲ, ಎಸೆಯಲಿಲ್ಲ. ಹಳೆಯ ಅಂಗಿಯಲ್ಲಿ ಸುತ್ತಿ ತನ್ನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟಿದ್ದ. ಉಜ್ಜಲಿಲ್ಲ ಕೂಡ. ನಾನು ಒಮ್ಮೆ ನೋಡಿದೆ. ಅಣ್ಣನ ಕಪಾಟಿನಲ್ಲಿದ್ದದ್ದಕ್ಕಿಂತ ಅದರ ಬಣ್ಣವೇ ಚೆನ್ನಾಗಿತ್ತು, ಹಣ್ಣಾದ ಕಂದು. ಅಣ್ಣನ ಕಟ್ಟಳೆಯನ್ನು ಪಾಲಿಸಿದವನು ಅವನೇ.

ಕೊನೆಗೆ ತಮ್ಮ ಹಾಸಿಗೆ ಹಿಡಿದ. ಗಾಳಿ ಸಿಗಲೆಂದು ಮಂಚವನ್ನು ಬಾಗಿಲ ಪಕ್ಕಕ್ಕೆ ಎಳೆದಿದ್ದರು. ಡಾಕ್ಟರು ಇನ್ನು ಮದ್ದಿಲ್ಲ ಎಂದು ಕೈ ತೊಳೆದುಕೊಂಡರು. ಅವನಿಗೆ ಆಸೆ ಒಂದೇ ಉಳಿದಿತ್ತು, ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಅಣ್ಣ ಬಂದು ನೀನು ಕಳ್ಳನಲ್ಲ ಎನ್ನಬೇಕು. ಅಷ್ಟು ಕೇಳಿಸಿಕೊಂಡು ಹೋಗುತ್ತೇನೆ.

ಅವನ ಹೆಂಡತಿ ನನ್ನ ಕೈಯಲ್ಲಿ ಹೇಳಿಕಳಿಸಿದಳು. ಅವರು ಆ ಮಾತು ಹೇಳಲಿ, ಪಿಸ್ತೂಲು ತೆಗೆದುಕೊಂಡು ಹೋಗಲಿ, ಬೇರೇನೂ ಬೇಡ ಎಂದು. ತುಕ್ಕಣ್ಣ ಆ ಗಳಿಗೆಯೇ ಹೊರಟ. ನಾನೂ ಹಿಂದೆ ಹೋದೆ. ಅವನು ತಮ್ಮನ ಮಂಚದ ಪಕ್ಕ ಕೂರಲಿಲ್ಲ. ಪಿಸ್ತೂಲು ತೋರಿಸು ಎಂದ. ಅವಳು ಅಂಗಿ ಬಿಚ್ಚಿ ತೋರಿಸಿದಳು. ಅವನು ಬಗ್ಗಿ ಹಕ್ಕಿಯ ಹತ್ತಿರ ಕಣ್ಣು ತಂದು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಮಂಚದ ಮೇಲಿದ್ದವನು ತನ್ನನ್ನು ಯಾವಾಗ ನೋಡುತ್ತಾನೋ ಎಂದು ಕಾದು ಕಾದು ಕಣ್ಣು ಮುಚ್ಚಿಕೊಂಡ.

"ಕಳ್ಳ ಅಲ್ಲ ಅಂತ ಒಂದು ಮಾತು ಹೇಳಿ, ಭಾವ. ತಗೊಂಡು ಹೋಗಿ," ಎಂದಳು.

"ನಂದನ್ನ ನನಗೆ ಕೊಡೋದಕ್ಕೆ ನಿಂದೇನು ಷರತ್ತು?"

"ಹಾಗಾದ್ರೆ ಹೇಳೋದಿಲ್ವಾ?"

"ಸಾಯೋನ ಮುಂದೆ ಸುಳ್ಳು ಹೇಳಬಾರದು," ಎಂದ ತುಕ್ಕಣ್ಣ. "ಇವತ್ತಲ್ಲ ನಾಳೆ ಅವನು ಹೋಗ್ತಾನೆ. ಆಮೇಲೆ ಈ ಮನೇಲಿ ಇದನ್ನ ಇಟ್ಕೊಂಡು ಏನು ಮಾಡ್ತೀಯ? ನನಗೆ ಕಾಯೋದು ರೂಢಿ ಇದೆ."

ಬೀದಿ ದಾಟಿ ಹೋಗಿ ಅಂಗಡಿಯಲ್ಲಿ ಕೂತ. ಅವಳು ಅಳಲಿಲ್ಲ. ಪಿಸ್ತೂಲನ್ನು ಮಡಿಲಲ್ಲಿಟ್ಟುಕೊಂಡು, ಬಡಗಿಯಣ್ಣ, ನಿಮ್ಮ ಹತ್ತಿರ ಉಪ್ಪು ಕಾಗದ ಇದೆಯಾ ಎಂದು ಕೇಳಿದಳು. ಮರ ನಯಮಾಡುವುದು ಒಂದು, ಕಬ್ಬಿಣಕ್ಕೆ ಹಾಕುವ ಕರಿಯದು ಇನ್ನೊಂದು, ಎರಡೂ ಇದ್ದವು. ಕರಿಯದನ್ನೇ ತಂದುಕೊಟ್ಟೆ. ಯಾತಕ್ಕೆಂದು ನನಗೆ ಗೊತ್ತಿತ್ತು. ಇವತ್ತು ಕೇಳಿದರೂ ಕೊಡುತ್ತೇನೆ.

ಅಂದೇ ನನ್ನ ಕೈಯಲ್ಲಿ ಎರಡನೆಯ ಸಲ ಹೇಳಿಕಳಿಸಿದಳು. ದಿನಕ್ಕೆ ಒಂದು ಬೆರಳಗಲ ಉಜ್ಜುತ್ತೇನೆ. ಮೂತಿಯಿಂದ ಶುರು. ಭಾವ ಬಂದು ಆ ಮಾತು ಹೇಳಿದ ದಿನ ಕೈ ನಿಲ್ಲಿಸುತ್ತೇನೆ.

ತುಕ್ಕಣ್ಣ ಅರದಿಂದ ಕೀಲಿ ತಿಕ್ಕುತ್ತಿದ್ದ. ನಕ್ಕ. "ಹೆದರಿಸ್ತಾಳೆ. ಅವಳಿಗೆ ಗೊತ್ತಿರೋದು ಪಾತ್ರೆ ಉಜ್ಜೋದೊಂದೇ."

"ಅದೇ ಅಲ್ವಾ ಭಯ?" ಎಂದೆ.

ಮಾರನೆಯ ಬೆಳಿಗ್ಗೆ ಅವಳು ಮನೆಯ ಮೆಟ್ಟಿಲ ಮೇಲೆ ಒಂದು ಬಟ್ಟಲು ನೀರು ಇಟ್ಟುಕೊಂಡು ಕೂತಳು. ಪಿಸ್ತೂಲಿನ ಹಿಡಿಯನ್ನು ಮೊಣಕಾಲ ಸಂದಿಯಲ್ಲಿ ಬಿಗಿಹಿಡಿದಳು. ಕಾಗದ ನೆನೆಸಿ ಮೂತಿಯ ಸುತ್ತ ಉಜ್ಜತೊಡಗಿದಳು. ಬೀದಿಯ ಆಚೆ ತುಕ್ಕಣ್ಣನ ಅರ ನಿಂತಿತು. ಅವಳು ಬೆರಳಿಟ್ಟು ಅಳೆದಳು, ಅಷ್ಟಕ್ಕೇ ನಿಲ್ಲಿಸಿದಳು, ಒರೆಸಿದಳು, ಒಳಗೆ ಹೋದಳು. ಮೂತಿಯ ತುದಿಗೆ ಬೆಳ್ಳಿಯ ಉಂಗುರ ತೊಡಿಸಿದ ಹಾಗೆ ಕಂಡಿತು.

ಅದು ದಿನದ ಕೆಲಸವಾಯಿತು. ಕಸ ಗುಡಿಸಿ, ಗಂಡನ ಮೈ ಒರೆಸಿ, ಗಂಜಿ ಕುಡಿಸಿ, ಆಮೇಲೆ ಬಂದು ಮೆಟ್ಟಿಲ ಮೇಲೆ ಕೂರುವಳು. ಕೋಪವಿಲ್ಲ, ಆತುರವಿಲ್ಲ. ನಮ್ಮ ಬೀದಿಯ ಜನಕ್ಕೆ ಇನ್ನೇನು ಬೇಕು. ಚಹಾದಂಗಡಿಯವನು ಬಸ್ಸು ಎಲ್ಲಿಗೆ ಬಂತು ಎಂದು ಕೇಳುವ ಹಾಗೆ ಇವತ್ತು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಕ್ಷೌರದವನು, ನನ್ನ ಕತ್ತಿ ಒಂದೇ ಸಲಕ್ಕೆ ಬೋಳಿಸುತ್ತದೆ, ಈಯಮ್ಮ ಕಂತಿನಲ್ಲಿ ಬೋಳಿಸುತ್ತಿದ್ದಾಳೆ ಎಂದ. ಸಾಯುತ್ತಿರುವವನ ಬಾಗಿಲ ಮುಂದೆ ಇಷ್ಟು ನಗು ನಾನು ಹಿಂದೆ ಕೇಳಿದ್ದಿಲ್ಲ.

ತುಕ್ಕಣ್ಣ ಮೊದಮೊದಲು ಬೆನ್ನು ತಿರುಗಿಸಿ ಕೂತ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಸರ್ರ್ ಸರ್ರ್ ಎಂಬ ಸದ್ದು ಬೀದಿ ದಾಟಿ ಬರುತ್ತಿತ್ತು. ಬಾಗಿಲಿಗೆ ಗೋಣಿಪಟ್ಟೆ ಇಳಿಬಿಟ್ಟ. ಆಮೇಲೆ ತಾನೇ ಅದರ ಅಂಚು ಸರಿಸಿ ಇಣುಕಿದ. ಒಬ್ಬ ಗಿರಾಕಿಯ ಕೀಲಿಯ ಹಲ್ಲನ್ನು ತಿಕ್ಕಿ ತಿಕ್ಕಿ ಸೂಜಿ ಮಾಡಿಕೊಟ್ಟ. ಊಟ ಬಿಟ್ಟ. ಹೆಂಡತಿ ಸತ್ತಾಗಲೂ ಬಿಟ್ಟಿರಲಿಲ್ಲ. ಆದರೆ ಆ ಮಾತು ಹೇಳಲು ಎದ್ದು ಹೋಗಲಿಲ್ಲ. ಹೇಳಿದರೆ ಇಡೀ ಬದುಕು ಸುಳ್ಳಾಗುತ್ತದೆ. ತಾಯಿ ಸುಳ್ಳಿಯಲ್ಲ ಎಂದಾಗುತ್ತದೆ, ಬೇಕರಿಯಲ್ಲಿ ತಾನಾಡಿದ್ದು ವಿಷ ಎಂದಾಗುತ್ತದೆ. ಉಕ್ಕಿನ ವಯಸ್ಸು ಒಂದು ಕಡೆ, ಇವನ ಹಟದ ವಯಸ್ಸು ಇನ್ನೊಂದು ಕಡೆ. ಯಾವುದನ್ನು ಉಜ್ಜಲು ಬಿಡಬೇಕೆಂದು ಅವನು ಗೋಣಿಪಟ್ಟೆಯ ಹಿಂದೆ ಕೂತು ಲೆಕ್ಕ ಹಾಕಿದ.

ನಾನು ಒಮ್ಮೆ ಹೋಗಿ, ಅಣ್ಣ, ಒಂದು ಮಾತಲ್ಲವೇ ಎಂದೆ. ನಳಿಕೆ ಹೋದರೂ ತಗಡು ಉಳಿಯುತ್ತದೆ, ಹಕ್ಕಿ ಇದ್ದರೆ ಜೋಡಿ ಎಂದು ತೋರಿಸಬಹುದು, ಅಷ್ಟರೊಳಗೆ ಅವನು ಹೋಗಿಬಿಡುತ್ತಾನೆ ಎಂದ. ತಮ್ಮನ ಉಸಿರು ಮೊದಲು ಮುಗಿಯುತ್ತದೋ, ನಳಿಕೆ ಮೊದಲು ಮುಗಿಯುತ್ತದೋ ಎಂಬ ಓಟದಲ್ಲಿ ಅವನು ಸಾವಿನ ಕಡೆ ನಿಂತಿದ್ದ.

ಸಾವು ತಡಮಾಡಿತು. ನಳಿಕೆ ಮುಗಿಯಿತು. ಅವಳು ಕಾಗದದ ಹೊಸ ತುಂಡು ಹರಿದುಕೊಂಡು ತಗಡಿಗೆ ಕೈ ಹಾಕಿದಳು. ಮೊದಲ ದಿನ ಬಾಲ ಹೋಯಿತು. ಮರುದಿನ ರೆಕ್ಕೆ. ಅದರ ಮರುದಿನ ಅವಳು ಹಕ್ಕಿಯ ಕತ್ತಿನ ಬುಡಕ್ಕೆ ಹೆಬ್ಬೆರಳಿಟ್ಟು ಅಳೆಯುತ್ತಿದ್ದಾಗ ಗೋಣಿಪಟ್ಟೆ ಮೇಲೆದ್ದಿತು. ತುಕ್ಕಣ್ಣ ಬೀದಿ ದಾಟಿ ಬಂದ. ನಾನು, ಕ್ಷೌರದವನು, ಇನ್ನೂ ನಾಲ್ಕು ಜನ ಬಾಗಿಲಿಗೆ ಕೂಡಿದೆವು.

ಅವಳು ಎದ್ದು ಒಳಗೆ ಹೋಗಿ ಗಂಡನ ತಲೆ ಎತ್ತಿ ದಿಂಬು ಕೊಟ್ಟಳು. ಅಣ್ಣ ಬಂದಿದ್ದಾರೆ ನೋಡಿ ಎಂದಳು. ಪಿಸ್ತೂಲು ಅವಳ ಕೈಯಲ್ಲೇ ಇತ್ತು.

ತುಕ್ಕಣ್ಣ ನಿಂತಲ್ಲಿಂದಲೇ, "ನೀನು ಕಳ್ಳ ಅಲ್ಲ," ಎಂದ. ಹಕ್ಕಿಯನ್ನು ನೋಡಿಕೊಂಡು ಹೇಳಿದ.

ತಮ್ಮನಿಗೆ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. "ನನ್ನ ಕಡೆ ನೋಡಿ ಹೇಳು, ಅಣ್ಣ."

ತುಕ್ಕಣ್ಣ ಅವನ ಕಡೆ ನೋಡಿದ. ಕಳ್ಳ ಅಲ್ಲ, ಅಪ್ಪ ಕೊಟ್ಟದ್ದು ಎಂದ. ಹೇಳುತ್ತಲೇ ಎರಡೂ ಕೈ ಮುಂದಕ್ಕೆ ಚಾಚಿದ, ಅವಳ ಕಡೆಗೆ. ಆಗ ನಾವೆಲ್ಲ ಕಂಡೆವು, ಮಂಚದ ಮೇಲಿದ್ದವನೂ ಕಂಡ. ಆ ಕೈಗಳಿಗೆ ಬಿಳಿ ಹತ್ತಿಯ ಗವಸು. ಒಗೆದು, ಒಣಗಿಸಿ, ಹಾಕಿಕೊಂಡೇ ಬಂದಿದ್ದ.

ತಮ್ಮ ಆ ಗವಸುಗಳನ್ನು ನೋಡುತ್ತಾ ನೋಡುತ್ತಾ ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮು ನಗುವಾಯಿತು. ಅವನು ಅಷ್ಟು ನಕ್ಕದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

"ಗವಸು ಹಾಕ್ಕೊಂಡು ಬಂದಿದ್ದಾನೆ ಕಣೇ," ಎಂದ ಹೆಂಡತಿಗೆ. ಸುಧಾರಿಸಿಕೊಂಡ. "ಪೂರ್ತಿ ಉಜ್ಜಿಬಿಡು."

"ಹೇಳಿದ್ನಲ್ಲ," ಎಂದ ತುಕ್ಕಣ್ಣ. "ಹೇಳಿದ್ರೆ ನಿಲ್ಲಿಸ್ತೀನಿ ಅಂದಿದ್ದೆ ನೀನು."

"ಅಂದಿದ್ದೆ, ಭಾವ. ಅದು ನನ್ನ ಮಾತು. ಇದು ಇವರ ಮಾತು."

ಮಂಚದ ಅಂಚಿನಲ್ಲೇ ಕೂತಳು. ಬಟ್ಟಲು ಹೊರಗೇ ಉಳಿದಿತ್ತು. ಗಂಡನಿಗೆ ಕುಡಿಸುವ ಲೋಟದಲ್ಲಿ ಕಾಗದ ಅದ್ದಿದಳು. ತುಕ್ಕಣ್ಣ ಕಿತ್ತುಕೊಳ್ಳಬಹುದಿತ್ತು, ಎರಡು ಹೆಜ್ಜೆಯ ದೂರ. ಕಿತ್ತುಕೊಳ್ಳಲಿಲ್ಲ. ಯಾಕೆಂದು ನಾನು ಆಮೇಲೆ ಕೇಳಿದೆ. ಎಳೆದಾಡಿದರೆ ಕೆಳಗೆ ಬಿದ್ದು ಹಿಡಿಯ ಮರ ಸೀಳುತ್ತಿತ್ತಲ್ಲ ಎಂದ. ಹಾಗೆ ಕೈ ಚಾಚಿಕೊಂಡೇ ನಿಂತು ನೋಡಿದ. ಕತ್ತು ಹೋಯಿತು, ಕೊಕ್ಕು ಹೋಯಿತು, ಕಣ್ಣಿನ ಚುಕ್ಕೆ ಆಳವಾಗಿತ್ತು, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು. ತಮ್ಮ ಕಣ್ಣು ಬಿಟ್ಟುಕೊಂಡು ಅಣ್ಣನ ಮುಖವನ್ನೇ ನೋಡುತ್ತಿದ್ದ. ಬಹಳ ದಿನದ ಹಸಿವಿಗೆ ಬಡಿಸಿದ ಹಾಗೆ.

ಅದೇ ವಾರ ಅವನು ತೀರಿಕೊಂಡ. ತುಕ್ಕಣ್ಣ ಬಂದು ಹೆಣದ ಮುಂದೆ ನಿಂತ. ಕೆಮ್ಮಲಿಲ್ಲ. ಅಟ್ಟದ ಕಡೆ ನೋಡಲೂ ಇಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳೇ ಬೀದಿ ದಾಟಿ ಬೀಗದಂಗಡಿಗೆ ಬಂದಳು. ಗಂಡ ಭಟ್ಟಿಯ ಮುಂದೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯಲ್ಲಿ ಪಿಸ್ತೂಲು ಸುತ್ತಿ ತಂದಿದ್ದಳು. ಮೇಜಿನ ಮೇಲೆ, ಕೀಲಿಗಳ ನಡುವೆ ಇಟ್ಟಳು. ಆಡಿದ ಮಾತು ಉಳಿಸಿಕೊಳ್ಳಬೇಕು, ನೀವು ಹೇಳಿದಿರಿ, ಇದು ನಿಮ್ಮದು ಎಂದಳು. ಆಮೇಲೆ ಬಾಗಿಲಿಗೆ ನೇತಾಡುತ್ತಿದ್ದ ಹಿತ್ತಾಳೆಯ ಕುಪ್ಪಿಯನ್ನು ಸರಪಳಿಯ ಸಮೇತ ಕೊಕ್ಕೆಯಿಂದ ತೆಗೆದಳು. ಇಷ್ಟು ವರ್ಷದ ಗಾಳಿಗೆ ಅದು ಮತ್ತೆ ಮಂಕಾಗಿತ್ತು, ಹಳೆಯ ಬಣ್ಣ ತಿರುಗಿ ಬರತೊಡಗಿತ್ತು. "ಇದು ನನ್ನ ಬುದ್ಧಿ ಅಲ್ವಾ," ಎಂದಳು. "ತಗೊಂಡು ಹೋಗ್ತೀನಿ."

ಅವನು ನನ್ನನ್ನು ಕರೆದು ಪೆಟ್ಟಿಗೆ ಇಳಿಸಲು ಹೇಳಿದ. ಮುಚ್ಚಳ ತೆಗೆದೆವು. ಖಾಲಿ ಗುಳಿಯ ಮಖಮಲ್ಲು ಹೊಸದಾಗಿಯೇ ಇತ್ತು. ಪಿಸ್ತೂಲು ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು, ಆ ಮಟ್ಟಿಗೆ ನನ್ನ ಕೆಲಸಕ್ಕೆ ಕುಂದಿಲ್ಲ. ಒಂದು ಕಡೆ ಮಂಕು ಕಂದು, ಕತ್ತು ಚಾಚಿದ ಹಕ್ಕಿ. ಇನ್ನೊಂದು ಕಡೆ ಆಸ್ಪತ್ರೆಯ ಚಮಚದಂಥ ಬಿಳಿ ಉಕ್ಕು. ಹಕ್ಕಿ ಯಾರನ್ನೋ ನೋಡುತ್ತಿತ್ತು, ಆ ಕಡೆ ಯಾರೂ ಇರಲಿಲ್ಲ.

ಅವನು ತುಂಬಾ ಹೊತ್ತು ನೋಡಿದ. ಆಮೇಲೆ ನನ್ನ ಹತ್ತಿರ ಕರಿ ಕಾಗದ ಉಳಿದಿದೆಯಾ ಎಂದು ಕೇಳಿದ.

"ಯಾಕಣ್ಣ?"

"ಜೋಡಿ ಅಂದ್ಮೇಲೆ ಎರಡೂ ಒಂದೇ ಥರ ಇರ್ಬೇಕು."

ತಂದುಕೊಟ್ಟೆ. ಅವನು ಕೈಗವಸು ಹಾಕಿಕೊಳ್ಳಲಿಲ್ಲ. ಅಂಗಡಿಯ ಹೊಸ್ತಿಲ ಬೆಳಕಿಗೆ ಕುರ್ಚಿ ಎಳೆದುಕೊಂಡು, ಅಪ್ಪ ಬಿಟ್ಟುಹೋದ ಬಲಗೈ ಪಿಸ್ತೂಲನ್ನು ಮೊಣಕಾಲ ಸಂದಿಯಲ್ಲಿ ಹಿಡಿದು, ಒಣ ಕಾಗದದಲ್ಲಿ ಮೊದಲು ಹಕ್ಕಿಯನ್ನೇ ಉಜ್ಜತೊಡಗಿದ. ಕಾಗದ ಹರಿಯಿತು. ಇನ್ನೊಂದು ತುಂಡು ತೆಗೆದುಕೊಂಡ. ಬೆವರು ಮೂಗಿನಿಂದ ತೊಟ್ಟಿಕ್ಕಿ ತಗಡಿನ ಮೇಲೆ ಬೀಳುತ್ತಿತ್ತು. ಬೀದಿಯಲ್ಲಿ ಈ ಸಲ ಯಾರೂ ನಗಲಿಲ್ಲ. ಚಹಾದಂಗಡಿಯವನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದ.

ಎದುರು ಮೆಟ್ಟಿಲ ಮೇಲೆ ಅವಳು ಕುಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ವಲ್ಪ ಹೊತ್ತು ನೋಡಿದಳು. ಕೆಲಸ ಗೊತ್ತಿಲ್ಲದವರನ್ನು ಕಂಡರೆ ಕೆಲಸಗಾರರಿಗೆ ತಡೆಯದು.

"ನೀರು ಹಚ್ಕೊಂಡು ಉಜ್ಜಿ, ಭಾವ," ಎಂದು ಬೀದಿಯ ಆಚೆಯಿಂದ ಹೇಳಿದಳು. "ಬೇಗ ಹೋಗತ್ತೆ."

ಅವನು ಲೋಟ ಹುಡುಕಿ ನೀರು ತಂದುಕೊಂಡ.